ನನಗಿಂತ ಮೊದ್ಲೇ ಜಿಂಕೆ ಹೊಡೆದಿದ್ದ ಕಾರು

ನಾನಿರೋದು ಅಮೆರಿಕದ ಮಿಶಿಗನ್‌ನ ನೋವೈಲಿ, ಊರು ಸೋಮವಾರಪೇಟೆ ಕಡೆ. ಇದು ಆಫೀಸಿಗೂ ಶಿಕಾರಿಗೂ ಆಗೋ ಒಂದು ಹಳೇ ಕಾರು ಹುಡುಕಿದ ಕಥೆ. ಶಿಕಾರಿ ಅಂದ ತಕ್ಷಣ ಯಾರೂ ಗಾಬರಿ ಆಗ್ಬೇಡಿ, ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಅದು ಅಜ್ಜನ ಬಾಯಲ್ಲಿ ಕಥೆಯಾಗಿ ಮಾತ್ರ ಉಳೀತು, ಮನೇಲಿರೋ ಕೋವಿ ಕೈಲ್ ಮುಹೂರ್ತ ಅನ್ನೋ ನಮ್ಮ ಕೊಡಗಿನ ಆಯುಧ ಹಬ್ಬದ ದಿನ ಹೊರಗೆ ಬಂದು ಹೂ ಇಟ್ಟುಕೊಂಡು ಪೂಜೆ ಮಾಡಿಸ್ಕೊಂಡು ಮತ್ತೆ ಒಳಗೆ ಹೋಗುತ್ತೆ, ಅಷ್ಟೆ. ಇಲ್ಲಿ ಹಾಗಲ್ಲ. ಹಂಟರ್ ಸೇಫ್ಟಿ ಕ್ಲಾಸ್ ಪಾಸ್ ಮಾಡ್ಬೇಕು, ಬೇಸ್ ಲೈಸೆನ್ಸ್ ತಗೋಬೇಕು, ಅದರ ಮೇಲೆ ಡೀರ್ ಲೈಸೆನ್ಸ್, ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಆಮೇಲೆ ನವೆಂಬರ್ 15ರಿಂದ 30ರವರೆಗೆ ಬಂದೂಕಿನ ಸೀಸನ್. ಕೆಲವು ಊರಲ್ಲಿ 15ನೇ ತಾರೀಕು ಸ್ಕೂಲಿಗೇ ರಜಾ ಕೊಡ್ತಾರೆ, ನಮ್ಮಲ್ಲಿ ಜಾತ್ರೆಗೆ ಕೊಡೋ ಹಾಗೆ.

ನಾಲ್ಕು ವರ್ಷ ಫ್ರೆಂಡ್ ಒಬ್ಬನ ಪಿಕಪ್ ಹಿಂದಿನ ಸೀಟಲ್ಲಿ ಕೂತ್ಕೊಂಡೇ ಹೋಗ್ತಿದ್ದೆ. ಅವನು ಟೆಕ್ಸಸ್‌ಗೆ ಹೋದ. ಅದೇ ಟೈಮಿಗೆ ನನ್ನ ಹಳೇ ಸೆಡಾನ್ ಕೂಡ ಕೊನೆ ಉಸಿರು ಎಳೀತಿತ್ತು. ಸರಿ, 2023ರ ಬೇಸಿಗೇಲಿ ಒಂದೇ ಗಾಡೀಲಿ ಎರಡೂ ಕೆಲಸ ಆಗ್ಬೇಕು ಅಂತ ಹುಡುಕೋಕೆ ಶುರು ಮಾಡ್ದೆ. ಆಬರ್ನ್ ಹಿಲ್ಸ್‌ನಲ್ಲಿ ಆಫೀಸು, ಒಂದು ಕಡೆಗೆ ಹತ್ತಿರ ಹತ್ತಿರ 30 ಮೈಲಿ, ವಾರಕ್ಕೆ ನಾಲ್ಕು ದಿನ. ಬೇಟೆ ಜಾಗ ಮಾಯೋ ಹತ್ರ, ಹ್ಯೂರಾನ್-ಮ್ಯಾನಿಸ್ಟೀ ನ್ಯಾಷನಲ್ ಫಾರೆಸ್ಟಲ್ಲಿ, ಮೂರು ಗಂಟೆ ದಾರಿ, ಕೊನೇ ಐದಾರು ಮೈಲಿ ಬರೀ ಮರಳು ಮಣ್ಣಿನ ಟೂ-ಟ್ರ್ಯಾಕ್. ಅಂದ್ರೆ ನಮ್ಮ ಎಸ್ಟೇಟ್ ಒಳಗಿನ ಜೀಪು ದಾರಿ ಇರುತ್ತಲ್ಲ, ಎರಡು ಗೆರೆ, ಮಧ್ಯೆ ಹುಲ್ಲು, ಅದೇ.

ಎಲ್ಲರಿಗೂ ಬರೋ ಆಸೆ ನನಗೂ ಬಂತು, ಟೊಯೋಟಾ ಫೋರ್‌ರನ್ನರ್. ಫೋಟೋ ನೋಡ್ತಾ ನೋಡ್ತಾ ರಾತ್ರಿ ಒಂದು ಗಂಟೆ ಆಗ್ಬಿಡೋದು. ಆಮೇಲೆ ಕೂತು ಲೆಕ್ಕ ಹಾಕ್ದೆ. 2017ರ ಫೋರ್ ವೀಲ್ ಡ್ರೈವ್ ಫೋರ್‌ರನ್ನರ್‌ಗೆ ಇಪಿಎ, ಅಂದ್ರೆ ಇಲ್ಲಿನ ಪರಿಸರ ಇಲಾಖೆ, ಲೆಕ್ಕದಲ್ಲಿ ಗ್ಯಾಲನ್‌ಗೆ ಸರಾಸರಿ 18 ಮೈಲಿ, ಅದಕ್ಕಿಂತ ಚಿಕ್ಕದಾದ 2017ರ ಸುಬಾರು ಫಾರೆಸ್ಟರ್ 2.5 ಲೀಟರ್ ಆಟೋಮ್ಯಾಟಿಕ್‌ಗೆ 28. ಆಫೀಸಿಗೇ ವರ್ಷಕ್ಕೆ 12,000 ಮೈಲಿ ಆಗುತ್ತೆ, ವ್ಯತ್ಯಾಸ 230-240 ಗ್ಯಾಲನ್, ಗ್ಯಾಲನ್ ಮೂರೂವರೆ ಡಾಲರ್ ಅಂತ ಹಿಡಿದ್ರೂ 800 ಡಾಲರ್ ಮೇಲಾಯ್ತು. ಕಾಡಿಗೆ ಹೋಗೋದು ಎಷ್ಟು ಸಲ? ಬೇಸಿಗೇಲಿ ಜಾಗ ನೋಡೋಕೆ ಎರಡು ಸಲ, ಸೀಸನ್‌ನಲ್ಲಿ ನಾಲ್ಕೈದು ಸಲ. ಏಳು ಸಲದ ಶೋಕಿಗೆ ವರ್ಷಪೂರ್ತಿ ಪೆಟ್ರೋಲ್ ಕುಡಿಸೋದಾ. ಊರಲ್ಲಿ ನಮ್ಮ ತೋಟದ ಜೀಪು ಓಡಿಸ್ತಿದ್ದವನು ಹೇಳ್ತಿದ್ದ, "ಕೆಸ್ರಲ್ಲಿ ಜೀಪು ಹತ್ತಲ್ಲ ಅಣ್ಣ, ಟಯರು ಹತ್ತೋದು" ಅಂತ. ಫಾರೆಸ್ಟರ್‌ಗೆ ನೆಲದಿಂದ 8.7 ಇಂಚು ಎತ್ತರ ಇದೆ, ನಾಲ್ಕೂ ಚಕ್ರಕ್ಕೆ ಯಾವಾಗ್ಲೂ ಪವರ್ ಹೋಗುತ್ತೆ, ಟಯರ್ ಒಂದು ಒಳ್ಳೇದು ಹಾಕ್ಕೊಂಡ್ರೆ ಟೂ-ಟ್ರ್ಯಾಕ್‌ಗೆ ಸಾಕು ಅನ್ನಿಸ್ತು. ಬಂಡೆ ಹತ್ತೋ ದಾರಿ ಇದ್ದಿದ್ರೆ ಈ ಲೆಕ್ಕ ಬೇರೇನೇ ಆಗ್ತಿತ್ತು, ಅದು ಒಪ್ತೀನಿ.

ಈಗ ಅಸಲಿ ವಿಷ್ಯ. ಇಲ್ಲಿ ಹಳೇ ಕಾರು ಕೊಲ್ಲೋದು ಎಂಜಿನ್ ಅಲ್ಲ, ಉಪ್ಪು. ಚಳಿಗಾಲ ಪೂರ್ತಿ ರೋಡಿಗೆ ಉಪ್ಪು ಸುರೀತಾರೆ, ಅದು ಕರಗಿ ಕೆಳಗಡೆ ಎಲ್ಲಾ ಸಂದಿಗೂ ನುಗ್ಗಿ ತುಕ್ಕು ಹಿಡಿಸುತ್ತೆ. ಮೇಲೆ ನೋಡಿದ್ರೆ ಮದುಮಗಳ ಥರ ಮಿಂಚ್ತಿರುತ್ತೆ, ಕೆಳಗೆ ಗೆದ್ದಲು ತಿಂದ ಬಾಗಿಲು. ಅದರ ಮೇಲೆ ಮಿಶಿಗನ್‌ನಲ್ಲಿ ವರ್ಷಾವರ್ಷ ಗಾಡಿ ಇನ್ಸ್‌ಪೆಕ್ಷನ್ ಅನ್ನೋದೇ ಇಲ್ಲ, ಯಾವ ಸರ್ಕಾರದವನೂ ಬಗ್ಗಿ ನೋಡಿರಲ್ಲ. ನೀವೇ ಬಗ್ಗಬೇಕು.

ಮೊದಲು ನೋಡಿದ್ದು ಒಂದು ಸಣ್ಣ ಡೀಲರ್ ಹತ್ರ, ಹೆಸರು ಬೇಡ. ಕಾರು ಚೆನ್ನಾಗಿತ್ತು, ಬೆಲೆ ಇನ್ನೂ ಚೆನ್ನಾಗಿತ್ತು. ಮನೆಯಿಂದ ಒಂದು ರಟ್ಟಿನ ಡಬ್ಬ ಬಿಚ್ಚಿ ತಗೊಂಡು ಹೋಗಿದ್ದೆ, ಅದನ್ನ ಹಾಸ್ಕೊಂಡು ಕೆಳಗೆ ತೂರಿದೆ. ಎಲ್ಲಾ ಕಪ್ಪಗೆ, ಹೊಸದಾಗಿ, ನೀಟಾಗಿ ಅಂಡರ್‌ಕೋಟಿಂಗ್, ಅಂದ್ರೆ ತುಕ್ಕು ತಡೆಯೋ ಬಣ್ಣ, ಹೊಡೆದಿದ್ರು. ವಾಸನೆ ಇನ್ನೂ ಹೋಗಿರ್ಲಿಲ್ಲ. ಆಸಾಮಿ ಅದನ್ನೇ ದೊಡ್ಡದಾಗಿ ಹೇಳ್ಕೋತಿದ್ದ, "ಫ್ರೆಶ್ ಆಗಿ ಪ್ರೊಟೆಕ್ಷನ್ ಮಾಡ್ಸಿದೀವಿ" ಅಂತ. ಆರು ವರ್ಷದ ಕಾರಿಗೆ ಮಾರೋ ಹಿಂದಿನ ವಾರ ಯಾಕಪ್ಪ ಪ್ರೊಟೆಕ್ಷನ್? ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲ ಕೆಳಗಿನ ರಾಕರ್ ಪ್ಯಾನಲ್ ಉದ್ದಕ್ಕೂ ಟಕ್ ಟಕ್ ಅಂತ ತಟ್ಕೊಂಡು ಬಂದೆ. ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ ಹಾಗೆ. ಮುಂದಿನ ಚಕ್ರದ ಕಡೆ ಟಣ್ ಟಣ್, ಗಟ್ಟಿ ಸದ್ದು. ಹಿಂದಿನ ಚಕ್ರ ಹತ್ರ ಬರ್ತಾ ಬರ್ತಾ ಸದ್ದು ಬೊದ್ದು ಆಯ್ತು, ರಟ್ಟು ತಟ್ಟಿದ ಹಾಗೆ. ಅಲ್ಲಿ ಜಾಕ್ ಕೊಡೋ ಜಾಗದ ಪಕ್ಕ ತುದಿಯಿಂದ ಸ್ವಲ್ಪ ಒತ್ತಿದ್ದೇ, ಕಪ್ಪು ಪೊರೆ ಹರಿದು ಸ್ಕ್ರೂಡ್ರೈವರ್ ಒಂದಿಂಚು ಒಳಗೆ ಹೋಯ್ತು, ಎದೆ ಮೇಲೆ ಕೆಂಪು ಪುಡಿ ಉದುರ್ತು. ನಾನು ಎದ್ದು ಬಂದು ಮೈ ಕೊಡವ್ಕೊಂಡು ಥ್ಯಾಂಕ್ಯೂ ಅಂದೆ. ಅವನು ಸ್ಕ್ರೂಡ್ರೈವರ್ ನೋಡ್ದ, ನನ್ನ ನೋಡ್ದ, ಇನ್ನೊಂದು ಕಾರು ತೋರ್ಸ್ಲಾ ಅಂದ. ಬೇಡ ಮಾರಾಯ.

ಆವತ್ತಿಂದ ಕ್ರಮ ತಿರುಗಿಸ್ಬಿಟ್ಟೆ, ಮೊದ್ಲು ಕೆಳಗೆ, ಆಮೇಲೆ ಮೇಲೆ. ಬ್ರೇಕ್ ಲೈನ್ ಪೈಪಲ್ಲಿ ಹೊಪ್ಪಳೆ ಇದ್ಯಾ, ಹಿಂದಿನ ಚಕ್ರಗಳನ್ನ ಹಿಡಿದಿರೋ ಚೌಕಟ್ಟು (ಸಬ್‌ಫ್ರೇಮ್) ಪದರ ಪದರ ಕಿತ್ತು ಬರ್ತಿದ್ಯಾ. ಮೇಲ್ಮೈಲಿ ಸ್ವಲ್ಪ ಕಂದು ಬಣ್ಣ ಇದ್ರೆ ಅದು ಮಾಮೂಲಿ, ಉಗುರಲ್ಲಿ ಕೆರೆದ್ರೆ ಚಕ್ಕೆ ಏಳಬಾರದು. ಉಪ್ಪಿನ ಕಾಟ ಇಲ್ಲದ ದಕ್ಷಿಣದ ರಾಜ್ಯಗಳ ಕಾರು ತಗೋ ಅಂತ ತುಂಬಾ ಜನ ಹೇಳ್ತಾರೆ, ಸರಿನೇ, ಆದ್ರೆ ಅಲ್ಲಿ ಇನ್ನೊಂದು ಭೂತ ಇದೆ, ನೆರೆ. 2017ರ ಹಾರ್ವೀ ಚಂಡಮಾರುತದಲ್ಲಿ ಹ್ಯೂಸ್ಟನ್ ಕಡೆ ಮುಳುಗಿದ ಕಾರುಗಳಿಗೆ ಲೆಕ್ಕ ಇಲ್ಲ. ಅದಕ್ಕೆ ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ತೆಗೆದು ಆ ಗುಂಡೀಲಿ ಒಣಗಿದ ಕೆಸರು ಇದ್ಯಾ ಅಂತ ನೋಡ್ಬೇಕು, ಸೀಟ್‌ಬೆಲ್ಟ್ ಪೂರ್ತಿ ಎಳೆದು ಕೊನೇಲಿ ಕಲೆ ಇದ್ಯಾ ನೋಡ್ಬೇಕು. ವಿನ್, ಅಂದ್ರೆ ಗಾಡಿಯ ಗುರುತಿನ ನಂಬರ್, ಹಾಕಿದ್ರೆ ಎನ್‌ಐಸಿಬಿ ಅನ್ನೋ ಇನ್ಶೂರೆನ್ಸ್ ಕಂಪನಿಗಳ ಸಂಸ್ಥೆಯ ಸೈಟಲ್ಲಿ ಕದ್ದ ಗಾಡೀನಾ, ಇನ್ಶೂರೆನ್ಸ್‌ನವ್ರು ಕೆಟ್ಟುಹೋಯ್ತು ಅಂತ ಕೈಬಿಟ್ಟ ಸಾಲ್ವೇಜ್ ಗಾಡೀನಾ ಅಂತ ಫ್ರೀಯಾಗಿ ಗೊತ್ತಾಗುತ್ತೆ, ರಸ್ತೆ ಸುರಕ್ಷತೆ ನೋಡ್ಕೊಳ್ಳೋ ಎನ್‌ಎಚ್‌ಟಿಎಸ್‌ಎಯ ಸೈಟಲ್ಲಿ ರೀಕಾಲ್, ಅಂದ್ರೆ ಕಂಪನಿಯೇ ವಾಪಸ್ ಕರೆದು ಮಾಡೋ ರಿಪೇರಿ, ಬಾಕಿ ಇದ್ಯಾ ಗೊತ್ತಾಗುತ್ತೆ.

ಒಂಬತ್ತನೇದು ಸಿಕ್ಕಿದ್ದು. ನಿವೃತ್ತ ಸ್ಕೂಲ್ ಮೇಷ್ಟ್ರು ಒಬ್ರದ್ದು, 2017ರ ಫಾರೆಸ್ಟರ್ ಲಿಮಿಟೆಡ್, 78,000 ಮೈಲಿ. ನಾರ್ತ್ ಕ್ಯಾರೊಲೈನಾದಲ್ಲಿ ತಗೊಂಡು ಅಲ್ಲೇ ನಾಲ್ಕು ವರ್ಷ ಓಡ್ಸಿ ಆಮೇಲೆ ಮೊಮ್ಮಕ್ಕಳಿಗೋಸ್ಕರ ಇಲ್ಲಿಗೆ ಬಂದವ್ರು. ಕೆಳಗೆ ತೂರಿದೆ, ಎರಡು ಚಳಿಗಾಲದ ಬಣ್ಣ ಅಷ್ಟೆ, ಟಣ್ ಟಣ್. ಬಾನೆಟ್ ಎತ್ತಿದಾಗ ಒಂದು ವಿಷ್ಯ ಕಣ್ಣಿಗೆ ಬಿತ್ತು, ಬಲಗಡೆ ಫೆಂಡರ್, ಅಂದ್ರೆ ಚಕ್ರದ ಮೇಲಿನ ತಗಡಿನ, ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಎದ್ದಿದೆ. ಫ್ಯಾಕ್ಟರಿ ಬೋಲ್ಟ್ ಮೇಲೆ ಸ್ಪ್ಯಾನರ್ ಇಟ್ಟಿದ್ರೆ ಮಾತ್ರ ಹಂಗಾಗೋದು. ಎಡ ಹೆಡ್‌ಲೈಟ್ ಹಳದಿ ತಿರುಗಿದೆ, ಬಲದ್ದು ಗಾಜಿನ ಲೋಟ. ಮೇಷ್ಟ್ರನ್ನ ಕೇಳಿದ್ದಕ್ಕೆ ಮುಚ್ಚುಮರೆ ಇಲ್ದೆ ಹೇಳಿದ್ರು, ಹೋದ ಅಕ್ಟೋಬರ್ ಸಂಜೆ ಜಿಂಕೆ ಹಾರಿ ಬಂತು, ಫೆಂಡರ್, ಲೈಟ್, ಬಂಪರ್ ಹೊಸದು ಹಾಕ್ಸಿದೀನಿ, ಬಿಲ್ ಇದೆ. ಈ ರಾಜ್ಯದಲ್ಲಿ ವರ್ಷಕ್ಕೆ 50,000ಕ್ಕೂ ಮೇಲೆ ಜಿಂಕೆ ಆಕ್ಸಿಡೆಂಟ್ ಆಗುತ್ತೆ, ಅದ್ರಲ್ಲಿ ಇದೂ ಒಂದು. ನನಗೆ ನಗು ತಡೆಯೋಕಾಗ್ಲಿಲ್ಲ, ನಾನು ನಾಲ್ಕು ಸೀಸನ್‌ನಲ್ಲಿ ಹೊಡೆದಿದ್ದು ಒಂದೇ ಜಿಂಕೆ, ಈ ಕಾರು ಮೊದಲ ಏಟಿಗೇ ಖಾತೆ ತೆರೆದಿದೆ. ರೇಡಿಯೇಟರ್ ಹಿಡಿದಿರೋ ಕಂಬಿ ನೆಟ್ಟಗಿತ್ತು, ಬಾನೆಟ್ ಸಂದಿ ಎರಡೂ ಕಡೆ ಬೆರಳಿಗೆ ಒಂದೇ ಥರ ಸಿಕ್ತು, ಏರ್‌ಬ್ಯಾಗ್ ಬಿಚ್ಚಿರ್ಲಿಲ್ಲ, ಹಾಗಾಗಿ ಚಿಂತೆ ಇರ್ಲಿಲ್ಲ. ಬೆಲೆ ಮಾತಾಡೋಕೆ ಮಾತ್ರ ಉಪಯೋಗಕ್ಕೆ ಬಂತು.

ಚಿಂತೆ ಆಗಿದ್ದು ಟಯರ್ ನೋಡಿ. ಮೂರು ಒಂದು ಬ್ರ್ಯಾಂಡು, ಒಂದು ಬೇರೆ. ಆಲ್ ವೀಲ್ ಡ್ರೈವ್ ಗಾಡೀಲಿ ಇದು ಸಣ್ಣ ವಿಷ್ಯ ಅಲ್ಲ. ಸವೆದ ಟಯರ್ ಸುತ್ತಳತೆ ಕಮ್ಮಿ, ಅದು ಬೇರೆಯವಕ್ಕಿಂತ ಜಾಸ್ತಿ ಸುತ್ತು ಸುತ್ತಬೇಕು, ಆ ವ್ಯತ್ಯಾಸನ ನುಂಗ್ಕೊಳ್ಳೋದು ಗೇರ್‌ಬಾಕ್ಸ್ ಹಿಂದಿನ ಕ್ಲಚ್ ಪ್ಲೇಟುಗಳು, ದಿನಾ ಹೈವೇಲಿ ಹಿಂಗೆ ತಿಕ್ತಾ ಇದ್ರೆ ಅದು ಸುಟ್ಟು ಹೋಗುತ್ತೆ. ಸುಬಾರು ಹೇಳೋ ಮಿತಿ ಸುತ್ತಳತೇಲಿ ಕಾಲಿಂಚು. ಗೇಜ್ ಇಟ್ಟು ಟಯರಿನ ಗೀರುಗಳ ಆಳ ಅಳೆದೆ, ಮೂರು ಟಯರ್ 4/32 ಇಂಚು, ಒಂದು 8/32, ಅಂದ್ರೆ ಸುತ್ತಳತೇಲಿ ಆ ಮಿತಿ ದಾಟಿತ್ತು. ಪಂಕ್ಚರ್ ಆಗಿ ಒಂದೇ ಬದಲಾಯಿಸಿದ್ರಂತೆ, ಎರಡು ತಿಂಗಳಾಯ್ತು ಅಂದ್ರು. ಖಾಲಿ ಪಾರ್ಕಿಂಗ್ ಲಾಟಿಗೆ ಹೋಗಿ, ಎಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸ್ಕೊಂಡು ನಿಧಾನಕ್ಕೆ ಎಂಟು ಸುತ್ತು, ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಹಾಕ್ದೆ. ಹಿಡಿದು ಹಿಡಿದು ಬಿಟ್ಟ ಹಾಗೆ ಕುಕ್ಕಿದ್ರೆ ಅಲ್ಲಿ ತೊಂದ್ರೆ ಇದೆ ಅಂತ ಅರ್ಥ. ನುಣ್ಣಗೆ ಸುತ್ತಿತು.

ಗಾಡಿಯ ಕಂಪ್ಯೂಟರ್ ಓದೋ 20 ಡಾಲರ್‌ನ ಓಬಿಡಿ ಸ್ಕ್ಯಾನರ್ ಹಾಕ್ದೆ. ಎರರ್ ಕೋಡ್ ಇಲ್ಲ ಅಂತ ಖುಷಿ ಪಡೋದಲ್ಲ, ಗಾಡಿ ತನ್ನ ಪರೀಕ್ಷೆಗಳನ್ನ ತಾನೇ ಮುಗಿಸಿದ್ಯಾ ಅಂತ ಹೇಳೋ ರೆಡಿನೆಸ್ ಮಾನಿಟರ್ ನೋಡ್ಬೇಕು, ಎಲ್ಲಾ 'ನಾಟ್ ರೆಡಿ' ಅಂತ ಬಂದ್ರೆ ಬೆಳಿಗ್ಗೆಯಷ್ಟೇ ಕೋಡ್ ಅಳಿಸಿ ನಿಮ್ಮನ್ನ ಕರೆದಿದ್ದಾನೆ ಅಂತ. ಇದ್ರಲ್ಲಿ ಎಲ್ಲಾ ರೆಡಿ ಇತ್ತು. ಆಮೇಲೆ ಗೊತ್ತಿರೋ ಮೆಕ್ಯಾನಿಕ್ ಹತ್ರ ಲಿಫ್ಟ್ ಮೇಲೆ ಹಾಕ್ಸಿ 150 ಡಾಲರ್ ಕೊಟ್ಟು ನೋಡಿಸ್ದೆ, ಆ ಕಾಸಿಗೆ ಯಾರೂ ಜಿಪುಣತನ ಮಾಡ್ಬೇಡಿ. ಮೇಷ್ಟ್ರು ಕೇಳಿದ್ದು 15,300, ಟಯರ್ ಸೆಟ್ಟು ಮತ್ತೆ ಜಿಂಕೆ ಹೆಸರಲ್ಲಿ 14,200ಕ್ಕೆ ಬಂದ್ರು. ಟೈಟಲ್, ಅಂದ್ರೆ ಗಾಡಿಯ ಮಾಲೀಕತ್ವದ ಪತ್ರ, ಸೈನ್ ಮಾಡಿಸ್ಕೊಂಡು 15 ದಿನದೊಳಗೆ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿಗೆ, ನಮ್ಮ ಆರ್‌ಟಿಓ ಥರದ್ದು, ಹೋಗ್ಬೇಕು, 6 ಪರ್ಸೆಂಟ್ ಟ್ಯಾಕ್ಸ್ ಅಲ್ಲೇ ಕಟ್ಟೋದು, ಇದನ್ನ ಬಜೆಟ್ಟಲ್ಲಿ ಮರೀತೀವಿ. ಹೊಸ ಆಲ್-ಟೆರೇನ್ ಟಯರ್ ನಾಲ್ಕೂ ಒಟ್ಟಿಗೆ ಹಾಕ್ಸಿದೆ. ಹೈವೇಲಿ ಸ್ವಲ್ಪ ಗುಂಯ್ ಅನ್ನುತ್ತೆ, ಮೈಲೇಜು ಒಂದೂವರೆ ಇಳೀತು.

ಮಾಯೋಗೆ ಮೊದಲ ಸಲ ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ಜಾಗ ನೋಡೋಕೆ. ಅಲ್ಲೆಲ್ಲಾ ಜ್ಯಾಕ್ ಪೈನ್ ಕಾಡು, ಕೆಳಗೆ ಸಕ್ಕರೆ ಥರದ ಮರಳು. ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿ ಎಳೇ ಜ್ಯಾಕ್ ಪೈನ್ ಬುಡದಲ್ಲಿ ಗೂಡು ಕಟ್ಟೋದು ಇಲ್ಲೇ, ಅದಕ್ಕೆ ಬೇಸಿಗೇಲಿ ಕೆಲವು ಜಾಗಕ್ಕೆ ಪ್ರವೇಶ ಇರಲ್ಲ. ಯಾವ ದಾರೀಲಿ ಗಾಡಿ ಬಿಡ್ತಾರೆ ಅನ್ನೋ ಮ್ಯಾಪ್ ಫಾರೆಸ್ಟ್ ಸರ್ವಿಸ್‌ನವ್ರೇ ಫ್ರೀ ಕೊಡ್ತಾರೆ. ನಾನು ಮ್ಯಾಪ್ ನೋಡ್ದೆ, ನೆಲ ನೋಡ್ಲಿಲ್ಲ. ಒಂದು ಇಳಿಜಾರು ಮುಗಿದ ಕಡೆ ಮರಳು ಆಳ ಇತ್ತು, ಚಕ್ರ ಜಾರದ ಹಾಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಪವರ್ ಕಟ್ ಮಾಡ್ತು, ಗಾಡಿ ನಿಂತ್ಕೊಂಡ್ತು, ನಾನು ಬುದ್ಧಿವಂತ ಆಕ್ಸಿಲರೇಟರ್ ಒತ್ತಿದೆ, ಗಾಡಿ ಕೋಳಿ ಕಾವಿಗೆ ಕೂತ ಹಾಗೆ ಹೊಟ್ಟೆ ಊರಿ ಕೂತ್ಕೊಂಡ್ತು. ಫೋನಲ್ಲಿ ಸಿಗ್ನಲ್ ಇಲ್ಲ. ಮುಂದೆ ಹಗ್ಗ ಕಟ್ಟೋಕೆ ಬಂಪರ್‌ನಲ್ಲಿ ತಿರುಪೋ ಕೊಂಡಿ ಇರುತ್ತಲ್ಲ, ಟೂಲ್ ಕಿಟ್ಟಲ್ಲಿ ಹುಡುಕಿದ್ರೆ ಅದೇ ಇಲ್ಲ! ಇಷ್ಟೆಲ್ಲಾ ಪರೀಕ್ಷೆ ಮಾಡಿದವನು ಅದೊಂದು ನೋಡಿರ್ಲಿಲ್ಲ. ಹಳೇ ಗಾಡಿ ತಗೊಳ್ಳೋರು ದಯವಿಟ್ಟು ಆ ಕೊಂಡಿ ಇದ್ಯಾ ನೋಡಿ, ತಿರುಪಿ ಕೂಡ ನೋಡಿ.

ಟಯರ್ ಗಾಳಿ 33ರಿಂದ 20ಕ್ಕೆ ಇಳಿಸ್ದೆ, ಹೊಟ್ಟೆ ಕೆಳಗಿನ ಮರಳನ್ನ ಮಡಚೋ ಸಲಿಕೇಲಿ ಒಂದು ಗಂಟೆ ತೋಡ್ದೆ, ಟ್ರ್ಯಾಕ್ಷನ್ ಬಟನ್ ಒತ್ತಿ ಆಫ್ ಮಾಡಿ, ರಿವರ್ಸ್‌ನಲ್ಲಿ, ಬಂದ ಗೆರೆಯಲ್ಲೇ, ಮೆತ್ತಗೆ. ಬಂತು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಕ್ಲಿಪ್ ಎರಡು ಕಿತ್ತು ನೇತಾಡ್ತಿತ್ತು, ಜಿಪ್ ಟೈ ಹಾಕಿ ಮನೆಗೆ ಬಂದೆ, ಇವತ್ತಿಗೂ ಅದೇ ಜಿಪ್ ಟೈ ಇದೆ. ಈಗ ಅನುಮಾನ ಬಂದ ಕಡೆ ಇಳಿದು ನಡೆದು ನೋಡ್ತೀನಿ, ಷೂ ಹಿಮ್ಮಡಿ ಹೂತ್ಕೊಂಡ್ರೆ ಕಾರು ಅಲ್ಲೇ ಬಿಟ್ಟು ಮುಂದಿನ ಅರ್ಧ ಮೈಲಿ ಕಾಲ್ನಡಿಗೆ. ಜಾರೋ ದಾರಿಗೆ ಅಂತ ಸುಬಾರು ಕೊಟ್ಟಿರೋ ಎಕ್ಸ್-ಮೋಡ್ ಬಟನ್ ಕೆಸರು, ಹಿಮಕ್ಕೆ ಒಳ್ಳೇದು, ಗಂಟೆಗೆ 25 ಮೈಲಿ ಸ್ಪೀಡ್ ಒಳಗೆ ಮಾತ್ರ ಕೆಲಸ ಮಾಡುತ್ತೆ, ಮರಳಲ್ಲಿ ಗಾಳಿ ಇಳಿಸೋದೇ ಮಂತ್ರ. ಟಾರ್ ರೋಡಿಗೆ ಬಂದ್ಮೇಲೆ ಗಾಳಿ ತುಂಬೋಕೆ ಸಣ್ಣ ಕಂಪ್ರೆಸರ್ ಇಟ್ಕೊಳ್ಳಿ.

ಬಂದೂಕಿನ ವಿಷ್ಯ. ಇಲ್ಲಿ ಗಾಡೀಲಿ ರೈಫಲ್ ಖಾಲಿ ಇರ್ಬೇಕು, ಕೇಸ್ ಒಳಗೆ ಅಥ್ವಾ ಟ್ರಂಕ್‌ನಲ್ಲಿ ಇರ್ಬೇಕು. ಫಾರೆಸ್ಟರ್‌ಗೆ ಬೇರೆ ಟ್ರಂಕ್ ಅನ್ನೋದಿಲ್ಲ, ಸೀಟಿನ ಹಿಂದೆ ಎಲ್ಲಾ ಒಂದೇ ಹಾಲ್ ಥರ, ಹಾಗಾಗಿ ಗಟ್ಟಿ ಕೇಸ್, ಅದಕ್ಕೆ ಬೀಗ. ಹಿಂದಿನ ಸೀಟಿನ 60 ಪರ್ಸೆಂಟ್ ಭಾಗ ಮಡಚಿದ್ರೆ ಕೋನಾಕಾರವಾಗಿ ಸರಿಯಾಗಿ ಕೂರುತ್ತೆ, ಇದನ್ನೂ ಕೊಳ್ಳೋ ಮೊದ್ಲೇ ಖಾಲಿ ಕೇಸ್ ತಗೊಂಡು ಹೋಗಿ ಇಟ್ಟು ನೋಡಿದ್ದೆ, ಮೇಷ್ಟ್ರು ಪಿಟೀಲಾ ಅಂತ ಕೇಳಿದ್ರು.

ಸೀಸನ್‌ನ ಮೂರನೇ ದಿನ ಬೆಳಿಗ್ಗೆ ಒಂದು ಜಿಂಕೆ ಸಿಕ್ತು. ಅದನ್ನ ಕಾರಿನ ಹಿಂದೆ ಸಿಕ್ಕಿಸೋ ಸಾಮಾನಿನ ತಟ್ಟೆ, ಹಿಚ್ ಕ್ಯಾರಿಯರ್, ಮೇಲೆ ಕಟ್ಟೋದು ಅಂತ ಮೊದ್ಲು ಪ್ಲ್ಯಾನ್ ಇತ್ತು. ಕರುಳು ತೆಗೆದ ಮೇಲೂ 130 ಪೌಂಡ್, ಕ್ಯಾರಿಯರ್ 50 ಪೌಂಡ್, ಅಷ್ಟು ಭಾರ ಹಿಂದೆ ದೂರದಲ್ಲಿ ನೇತು ಹಾಕ್ಕೊಂಡು ಟೂ-ಟ್ರ್ಯಾಕ್‌ನಲ್ಲಿ ಕುಣಿಯೋದು, ಮ್ಯಾನ್ಯುಯಲ್ ಓದಿದ್ಮೇಲೆ ಆ ಆಸೆ ಬಿಟ್ಟೆ. ಕಾಡಿಂದ ಎಳ್ಕೊಂಡು ಬರೋಕೆ ಅಂತ ಉದ್ದ ಪ್ಲಾಸ್ಟಿಕ್ ತೊಟ್ಟಿ, ಸ್ಲೆಡ್ ಅಂತಾರೆ, ಸಿಗುತ್ತೆ. ಸ್ಲೆಡ್ ಸಮೇತ ಒಳಗೆ ತಳ್ಳಿದೆ, ಕೆಳಗೆ ಟಾರ್ಪಾಲ್, ಅದರ ಕೆಳಗೆ ರಬ್ಬರ್ ಲೈನರ್. ಜಿಂಕೆ ಹೊಡೆದಿದ್ದನ್ನ 72 ಗಂಟೆ ಒಳಗೆ ಆನ್‌ಲೈನ್ ರಿಪೋರ್ಟ್ ಮಾಡ್ಬೇಕು, ಅದನ್ನ ರೋಸ್ ಸಿಟೀಲಿ ಕಾಫಿಗೆ ನಿಲ್ಸಿದಾಗ ಮಾಡ್ದೆ. ಮನೆವರೆಗೂ ಹೀಟರ್ ಹಾಕೋ ಹಾಗಿಲ್ಲ, ಮಾಂಸ ಕೆಡುತ್ತೆ. ಮೂರು ಗಂಟೆ ಟೋಪಿ ಗ್ಲೌಸ್ ಹಾಕ್ಕೊಂಡೇ ಓಡಿಸಿದ್ದು.

ಸೋಮವಾರ ಆಫೀಸಿಗೆ ನನ್ನ ಜೊತೆ ಬರೋ ಸಹೋದ್ಯೋಗಿ ಶುದ್ಧ ಸಸ್ಯಾಹಾರಿ. ಭಾನುವಾರ ರಾತ್ರಿ ಹನ್ನೊಂದರವರೆಗೆ ಲೈನರ್ ತೊಳೆದು, ಅಡುಗೆ ಸೋಡಾ ಚೆಲ್ಲಿ ವ್ಯಾಕ್ಯೂಮ್ ಹೊಡೆದು, ಡ್ಯಾಶ್‌ಬೋರ್ಡಲ್ಲಿ ಕಾಫಿಪುಡಿ ಬಟ್ಟಲು ಇಟ್ಟಿದ್ದೆ. ಅವರು ಹತ್ತಿ ಬೆಲ್ಟ್ ಹಾಕ್ಕೊಂಡು, "ಆಹಾ, ಊರಿಂದ ಕಾಫಿಪುಡಿ ಬಂತಾ" ಅಂದ್ರು. ಹೂಂ ಅಂದೆ. ಮಾರನೇ ದಿನ ಅವರಿಗೆ ಅರ್ಧ ಕೇಜಿ ಕೊಡ್ಬೇಕಾಯ್ತು.