ಹಳೆ ಡಾಸ್ ಆಟವನ್ನು ಹೊಸ ಕಂಪ್ಯೂಟರಿಗೆ ತರುವುದು, ಭಯ ಕೆಡದ ಹಾಗೆ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮುಂದೆ ಡಿಟಿಪಿ, ಝೆರಾಕ್ಸ್. ಪರದೆ ಸರಿಸಿದರೆ ಹಿಂದೆ ಕಂಪ್ಯೂಟರ್ ರಿಪೇರಿ. ಸುತ್ತಮುತ್ತ ರೈಸ್ ಮಿಲ್ಲುಗಳು. ಯಾವ ಸಿಪಿಯು ಬಿಚ್ಚಿದರೂ ಒಳಗೆ ಅರ್ಧ ಬೊಗಸೆ ಹೊಟ್ಟಿನ ಧೂಳು ಇದ್ದೇ ಇರುತ್ತದೆ.

1996ರಲ್ಲಿ ಸೋದರಮಾವ ದುಬೈಯಿಂದ ಬರುವಾಗ ಒಂದು ಆಟದ ಡಬ್ಬಿ ತಂದಿದ್ದರು. ‘ಕಾಲ್ ಆಫ್ ಕ್ತುಲು: ಶ್ಯಾಡೋ ಆಫ್ ದ ಕಾಮೆಟ್’. ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿ 1993ರಲ್ಲಿ ಹೊರತಂದಿದ್ದು. ವಿಂಡೋಸ್ ಎಲ್ಲೆಡೆ ಬರುವ ಮೊದಲು ಕಂಪ್ಯೂಟರ್ ನಡೆಸುತ್ತಿದ್ದ ಡಾಸ್‌ಗೆಂದು ಮಾಡಿದ ಆಟ. 1910ರಲ್ಲಿ ಹ್ಯಾಲಿ ಧೂಮಕೇತುವಿನ ಫೋಟೋ ತೆಗೆಯಲು ಪಾರ್ಕರ್ ಅನ್ನುವವನು ಇಲ್ಸ್‌ಮೌತ್ ಎಂಬ ಕಡಲ ತಡಿಯ ಊರಿಗೆ ಹೋಗುತ್ತಾನೆ. ಊರಿನವರು ಏನನ್ನೋ ಮುಚ್ಚಿಡುತ್ತಿದ್ದಾರೆ. ಅದೇ ಧೂಮಕೇತುವನ್ನು 1986ರಲ್ಲಿ ಅಪ್ಪ ನನ್ನನ್ನು ಮಾಳಿಗೆ ಮೇಲೆ ನಿಲ್ಲಿಸಿ ತೋರಿಸಿದ್ದರು. ನನಗೆ ಕಂಡಿದ್ದು ಅಪ್ಪನ ಬೆರಳು ಮಾತ್ರ. ಹಾಗಾಗಿ ಆ ಆಟ ನನಗೆ ಬಹಳ ಹತ್ತಿರದ್ದು.

ಅಮೆರಿಕದ ಕಥೆಗಾರ ಲವ್‌ಕ್ರಾಫ್ಟ್ ಕಟ್ಟಿದ ಲೋಕದ ಇಂಥ ಆಟಗಳಲ್ಲಿ ದೆವ್ವ ಬಂದು ಹೆದರಿಸುವುದಿಲ್ಲ. ಮನುಷ್ಯನಿಗಿಂತ ಎಷ್ಟೋ ಹಳೆಯದಾದ, ಮನುಷ್ಯನನ್ನು ಲೆಕ್ಕಕ್ಕೇ ಇಡದ ಏನೋ ಒಂದು ಇದೆ ಅನ್ನುವ ಭಯ ಅದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರೇಬೆಣಕಲ್ಲಿನ ಮೊರ್ಯರ ಗುಡ್ಡಕ್ಕೆ ಸಂಜೆ ಹೊತ್ತು ಹೋಗಿ ಬಂದರೆ ಸಾಕು. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಮನೆಗಳು, ಗೋಡೆಯಲ್ಲಿ ಒಂದು ದುಂಡು ಕಂಡಿ, ಒಳಗೆ ಕತ್ತಲೆ. ಅಲ್ಲೊಂದು ನಗಾರಿಯಂಥ ಬಂಡೆಯಿದೆ. ಹೊಡೆದರೆ ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆ. ಕೇಳಿಸಿಕೊಂಡವರು ಯಾರು ಅಂತ ಒಂದು ಗಳಿಗೆ ಅನ್ನಿಸುತ್ತದೆ, ಅಲ್ವಾ? ಆಟ ಕೊಡಬೇಕಾದ್ದೂ ಅದೇ ಗಳಿಗೆಯನ್ನು.

ಆದ್ದರಿಂದ ಹಳೆ ಆಟ ಹೊಸ ಕಂಪ್ಯೂಟರಿನಲ್ಲಿ ಓಡಿದರೆ ಕೆಲಸ ಮುಗಿಯಿತು ಅಂತ ನಾನು ಒಪ್ಪುವುದಿಲ್ಲ. ವೇಗ, ಕತ್ತಲೆ, ಸದ್ದು, ಈ ಮೂರರಲ್ಲಿ ಒಂದು ತಪ್ಪಿದರೂ ಆಟ ಓಡುತ್ತದೆ, ಭಯ ಮಾತ್ರ ಸತ್ತಿರುತ್ತದೆ.

ಮೊದಲು ಹಕ್ಕಿನ ಮಾತು ಮುಗಿಸೋಣ. ನಿಮ್ಮ ಡಬ್ಬಿಯ ಆಟವನ್ನು ನಿಮ್ಮ ಮನೆಗಷ್ಟೇ ಕಾಪಿ ಮಾಡಿ ಇಟ್ಟುಕೊಳ್ಳುವುದು ಬೇರೆ, ಹತ್ತು ಜನಕ್ಕೆ ಹಂಚುವುದು ಬೇರೆ. ಪ್ರೋಗ್ರಾಂ ಖರೀದಿಸಿದವರು ಬ್ಯಾಕಪ್ ಇಟ್ಟುಕೊಳ್ಳಲು ನಮ್ಮ ಕಾಪಿರೈಟ್ ಕಾಯ್ದೆಯಲ್ಲೇ ಅವಕಾಶವಿದೆ. ಹಂಚುವುದಾದರೆ ಒಡೆಯರ ಒಪ್ಪಿಗೆ ಬೇಕು. “ಲವ್‌ಕ್ರಾಫ್ಟ್ 1937ರಲ್ಲೇ ತೀರಿಕೊಂಡರು, ಈಗ ಎಲ್ಲಾ ಫ್ರೀ” ಅಂತ ಹುಡುಗರು ವಾದ ಮಾಡುತ್ತಾರೆ. ಲೇಖಕ ತೀರಿಕೊಂಡ ಮೇಲೆ 60 ವರ್ಷ ಅನ್ನುವುದು ನಮ್ಮಲ್ಲಿನ ಲೆಕ್ಕ. ಆ ಪ್ರಕಾರ ಅವರ ಕಥೆಗಳು ಈಗ ಯಾರ ಸ್ವತ್ತೂ ಅಲ್ಲ, ನಿಜ. ಆದರೆ ಅದೇ ಲೋಕಕ್ಕೆ ಕಥೆ ಸೇರಿಸಿದ ಆಗಸ್ಟ್ ಡರ್ಲೆತ್ ತೀರಿಕೊಂಡಿದ್ದು 1971ರಲ್ಲಿ. ಅವರು ಬರೆದದ್ದಕ್ಕೆ 2031ರ ಕೊನೆವರೆಗೆ ಕಾಯಬೇಕು. ಇನ್ನು ಆಟದ ಕೋಡ್, ಚಿತ್ರ, ಸಂಗೀತ, ಮಾತಾಡಿದವರ ದನಿ, ಇವೆಲ್ಲ ಬೇರೆಯದೇ ಸ್ವತ್ತು. ಅದೂ ಕೈ ಬದಲಾಯಿಸುತ್ತಲೇ ಇರುತ್ತದೆ. ಇನ್ಫೋಗ್ರಾಮ್ಸ್ ಕಂಪನಿ 2009ರಲ್ಲಿ ಅಟಾರಿ ಅಂತ ಹೆಸರು ಬದಲಿಸಿಕೊಂಡಿತು. ಅವರ 1992ರ ‘ಅಲೋನ್ ಇನ್ ದ ಡಾರ್ಕ್’ ಸರಣಿಯ ಹಕ್ಕು 2018ರಲ್ಲಿ ಟಿಎಚ್‌ಕ್ಯೂ ನಾರ್ಡಿಕ್ ಪಾಲಾಯಿತು. ಒಂದೇ ಮನೆಯಲ್ಲಿ ಹುಟ್ಟಿದ ಆಟಗಳಾದರೂ ಕೇಳಬೇಕಾದ ಬಾಗಿಲು ಬೇರೆ ಬೇರೆ. ಹೊಲದ ಪಹಣಿ ಹುಡುಕಿದ ಹಾಗೆ ಒಂದೊಂದಾಗಿ ಹುಡುಕಬೇಕು. ಮೊದಲೇ ಹೊಸ ಆವೃತ್ತಿ ಮಾರಾಟಕ್ಕಿದ್ದರೆ ಸುಮ್ನೆ ಕೊಂಡುಬಿಡಿ. ‘ಶ್ಯಾಡೋ ಆಫ್ ದ ಕಾಮೆಟ್’ ಜಿಒಜಿ ಎಂಬ ಆನ್‌ಲೈನ್ ಆಟದಂಗಡಿಗೆ ಬಂದೇ ಎಷ್ಟೋ ವರ್ಷವಾಯಿತು.

ಈಗ ಡಿಸ್ಕಿನ ಕೆಲಸ, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ‘ಇಮೇಜ್’ ಎಂಬ ನಕಲು ಫೈಲಿಗೆ ಇಳಿಸಿಕೊಳ್ಳುವುದು. ಡ್ರೈವ್ ತೆರೆದು ಲೆನ್ಸಿನ ಧೂಳನ್ನು ಬ್ಲೋವರಿನಿಂದ ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸಬೇಡಿ. ಲೇಬಲ್ಲಿನ ಕಡೆಗೆ ಜಾಸ್ತಿ ಕಾಳಜಿ ಬೇಕು. ಹೊಳೆಯುವ ಪದರ ಇರುವುದು ಅದರ ಕೆಳಗೇ, ಅಲ್ಲಿ ಸಿಪ್ಪೆ ಎದ್ದರೆ ಮುಗಿಯಿತು. ಒಂದು ಬೇಸಿಗೆಯಲ್ಲಿ ಕೂಲರಿನ ನೀರು ಸೋರಿ ನನ್ನ ಎರಡು ಸಿಡಿ ಹಾಗೇ ಹೋದವು. ತಪ್ಪು ನನ್ನದೇ, ಕೂಲರಿನ ಕೆಳಗೆ ಇಟ್ಟವಳು ನಾನೇ.

ಗೀರು ಬಿದ್ದ ಡೇಟಾ ಡಿಸ್ಕಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ. ಎಲ್ಲಿವರೆಗೆ ಓದಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಅದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದಲೇ ಮತ್ತೆ ಶುರು. ನಮ್ಮಂಥ ಊರಿಗೆ ಹೇಳಿ ಮಾಡಿಸಿದ ಪ್ರೋಗ್ರಾಂ. 1.44 ಎಂಬಿ ಫ್ಲಾಪಿಯಾದರೆ ಸಿಗಬೇಕಾದ ಇಮೇಜಿನ ಅಳತೆ ಸರಿಯಾಗಿ 14,74,560 ಬೈಟ್. ಒಂದು ಬೈಟ್ ಕಡಿಮೆಯಾದರೂ ಮತ್ತೆ ಓದಿಸಿ.

ಇಲ್ಲಿ ನಾನು ಒಮ್ಮೆ ಚೆನ್ನಾಗಿ ಏಮಾರಿದ್ದೇನೆ. ‘ಅಲೋನ್ ಇನ್ ದ ಡಾರ್ಕ್’ ಸಿಡಿಯನ್ನು ಐಎಸ್ಒ ಎಂಬ ಬಗೆಯ ಇಮೇಜ್ ಮಾಡಿಟ್ಟೆ. ಆಟ ಓಡಿತು. ಮನೆಯೆಲ್ಲ ನಿಶ್ಶಬ್ದ, ಹೆಜ್ಜೆ ಸದ್ದು ಮಾತ್ರ. ಆಹಾ, ಎಷ್ಟು ಚೆನ್ನಾಗಿ ಹೆದರಿಸುತ್ತಾರೆ ಅಂದುಕೊಂಡು ಎರಡು ವಾರ ಆಡಿದೆ. ಆಮೇಲೆ ಗೊತ್ತಾಯಿತು, ಸಂಗೀತವೇ ಇಲ್ಲ! ಆ ಕಾಲದ ಎಷ್ಟೋ ಆಟಗಳ ಸಂಗೀತ ಸಿಡಿಯಲ್ಲಿ ಹಾಡಿನ ಟ್ರ್ಯಾಕ್ ಆಗಿ ಇರುತ್ತದೆ, ಫೈಲ್ ಆಗಿ ಅಲ್ಲ. ಐಎಸ್ಒ ಹಿಡಿಯುವುದು ಡೇಟಾ ಟ್ರ್ಯಾಕನ್ನು ಮಾತ್ರ. ಅದಕ್ಕೇ ಬಿನ್ ಮತ್ತು ಕ್ಯೂ ಜೋಡಿ ಫೈಲ್ ಮಾಡಿ. ವಿಂಡೋಸಿನಲ್ಲಿ ಇಮ್ಗ್‌ಬರ್ನ್ ಸಾಕು. ಮಾಡಿದ ಮೇಲೆ ಶಾ-256 ಮೊತ್ತ (ಫೈಲಿನ ಒಂದು ಬೈಟ್ ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ತೆಗೆದು ಬರೆದಿಡಿ, ಮೂಲ ಇಮೇಜನ್ನು ಮತ್ತೆ ಮುಟ್ಟಬೇಡಿ. ಕೆಲಸ ಎಲ್ಲ ಕಾಪಿಯ ಮೇಲೆ.

ಇನ್ನು ಓಡಿಸುವುದು. 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ಓಡಿಸುವುದೇ ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಡಾಸ್ ಆಟದ ಮೇಲೆ ಡಬಲ್ ಕ್ಲಿಕ್ ಮಾಡಿ ಕೂತರೆ ಪ್ರಯೋಜನವಿಲ್ಲ. ಮೊದಲು ಸ್ಕಮ್‌ವಿಎಂ ಎಂಬ ಪ್ರೋಗ್ರಾಮಿನ ಪಟ್ಟಿಯಲ್ಲಿ ಆಟದ ಹೆಸರಿದೆಯಾ ನೋಡಿ. ಅದು ಹಳೆ ಪ್ರೋಗ್ರಾಮನ್ನು ಓಡಿಸುವುದಿಲ್ಲ. ಆಟದ ಚಿತ್ರ, ಮಾತು, ಕಥೆಯ ಫೈಲುಗಳನ್ನು ಮಾತ್ರ ತೆಗೆದುಕೊಂಡು ಹೊಸದಾಗಿ ಬರೆದ ಎಂಜಿನ್ನಿನಲ್ಲಿ ನಡೆಸುತ್ತದೆ. ಫೋನಿನಲ್ಲೂ ಓಡುತ್ತದೆ. ಅಲ್ಲಿ ಇಲ್ಲದಿದ್ದರೆ ಡಾಸ್‌ಬಾಕ್ಸ್. ಅದು ಹಳೆ ಕಂಪ್ಯೂಟರನ್ನೇ ಪೂರ್ತಿ ನಕಲು ಮಾಡುತ್ತದೆ. ನಾನು ಬಳಸುವುದು ಅದರ ಕವಲಾದ ಡಾಸ್‌ಬಾಕ್ಸ್ ಸ್ಟೇಜಿಂಗ್. ವಿಂಡೋಸ್ 95, 98 ಕಾಲದ ಆಟಗಳದ್ದು ಬೇರೆ ತಲೆನೋವು. ಆಟ 32 ಬಿಟ್, ಅದನ್ನು ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಮಾತ್ರ 16 ಬಿಟ್ ಇರುತ್ತದೆ ಎಷ್ಟೋ ಸಲ. ಫೈಲುಗಳನ್ನು ಕೈಯಾರೆ ಬಿಚ್ಚಿ, ಹಳೆ ಗ್ರಾಫಿಕ್ಸನ್ನು ಹೊಸ ಕಾರ್ಡಿಗೆ ಒಗ್ಗಿಸುವ ಡಿಜಿವೂಡೂ ಹಾಕಿ ನೋಡಿ.

ಡಾಸ್‌ಬಾಕ್ಸಿನಲ್ಲಿ ಎಲ್ಲರೂ ಎಡವುವುದು ಅದರ ಸೆಟ್ಟಿಂಗ್ ಫೈಲಿನ ಸೈಕಲ್ಸ್ ಎಂಬ ಸಾಲಿನಲ್ಲಿ. ಅದು ಪ್ರೊಸೆಸರಿನ ವೇಗ. ಮ್ಯಾಕ್ಸ್ ಅಂತ ಕೊಟ್ಟರೆ ಆಟ ಎದ್ದೆನೋ ಬಿದ್ದೆನೋ ಅಂತ ಓಡಬಹುದು. ನಮ್ಮ ಅಣ್ಣನ ಮಗ ಮೊದಲ ಸಲ ನೋಡಿ ನಕ್ಕ: “ಅತ್ತಿ, ಈ ಮನಿಷ್ಯಾ ಬಸ್ ತಪ್ಪಿದವರಂಗ ಓಡಾಕತ್ಯಾನಲ್ಲ!” ಶವಾಗಾರದಲ್ಲಿ ಓಡುವವನನ್ನು ನೋಡಿ ಯಾರು ಹೆದರುತ್ತಾರೆ? 1993ರ ಆಟಕ್ಕೆ ನಾನು 12,000ದಿಂದ ಶುರು ಮಾಡುತ್ತೇನೆ. ಆಟ ನಡೆಯುವಾಗಲೇ ಕಂಟ್ರೋಲ್ ಎಫ್11 ಒತ್ತಿದರೆ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಮಾತು ತುಂಡಾಗದೆ ಬರುವ, ನಡಿಗೆ ಮನುಷ್ಯನ ನಡಿಗೆಯ ಹಾಗೆ ಕಾಣುವ ಜಾಗ ಸಿಕ್ಕ ಮೇಲೆ ಆ ಸಂಖ್ಯೆಯನ್ನು ಫೈಲಿನಲ್ಲಿ ಗಟ್ಟಿ ಮಾಡಿ. ಆಟೋ ಬಿಡಬೇಡಿ. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಿದ್ದದ್ದು ಬೇರೆಯವರ ಹೊಸ ಮಷೀನಿನಲ್ಲಿ ಬೇರೆಯಾದೀತು.

ಮುಂದಿನದು ಪರದೆ. ಹಳೆ ಆಟದ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ. ಆಗಿನ ಮಾನಿಟರ್ 4:3. ಅಂದರೆ ಒಂದೊಂದು ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರ ಇರಬೇಕು. ಆಸ್ಪೆಕ್ಟ್ ಸಾಲನ್ನು ಸರಿಯಾಗಿ ಇಡದಿದ್ದರೆ ಎಲ್ಲರೂ ಕುಳ್ಳಗೆ ಕಾಣುತ್ತಾರೆ. ಹುಣ್ಣಿಮೆ ಚಂದ್ರ ಜೋಳದ ರೊಟ್ಟಿ ಎಳೆದ ಹಾಗೆ ಆಗುತ್ತದೆ. 1600 ಅಡ್ಡ 1200ಕ್ಕೆ ಹಿಗ್ಗಿಸಿದರೆ ಲೆಕ್ಕ ಪಕ್ಕಾ ಕೂಡುತ್ತದೆ: ಅಡ್ಡಕ್ಕೆ 5, ಉದ್ದಕ್ಕೆ 6. ಸಾಮಾನ್ಯ 1080 ಪರದೆಯಲ್ಲಿ 1440 ಅಡ್ಡ 1080 ಇಟ್ಟು, ಎರಡೂ ಬದಿ ಕಪ್ಪು ಪಟ್ಟಿ ಬಿಡಿ. ಪಟ್ಟಿ ಯಾಕೆ ಅಂತ ಗಿರಾಕಿ ಕೇಳುತ್ತಾರೆ. ಎಳೆದು ತುಂಬಿಸಿ ಕೊಡಬೇಡಿ.

ಈಗ ಎಐ ಹಾಕಿ ಹಳೆ ಚಿತ್ರಗಳನ್ನು ನುಣ್ಣಗೆ ಮಾಡುವ ಹುಚ್ಚು ಶುರುವಾಗಿದೆ. ನಾನೂ ಒಂದು ದಿನ ಮಾಡಿ ನೋಡಿದೆ. ಗೋಡೆಯ ಮೂಲೆಯಲ್ಲಿ ಹನ್ನೆರಡು ಹಸಿರು ಚುಕ್ಕಿ ಇದ್ದವು. ಅದು ಪಾಚಿಯೋ, ಕಣ್ಣೋ, ಬೆರಳೋ ಗೊತ್ತಾಗುತ್ತಿರಲಿಲ್ಲ. ಎಐ ಅದನ್ನು ಚೆಂದದ ಎಲೆ ಮಾಡಿ ಕೊಟ್ಟಿತು. ಕತ್ತಲಲ್ಲಿ ಹಗ್ಗ ಹಾವಾಗುವುದರಲ್ಲೇ ಈ ಆಟದ ಜೀವ ಇರುವುದು. ಟಾರ್ಚ್ ಹಾಕಿ ಹಗ್ಗ ಅಂತ ತೋರಿಸಿದರೆ ಏನು ಉಳಿಯಿತು? ಹಳೆ ಮಾನಿಟರಿನ ಗೆರೆ ಮೂಡಿಸುವ ಸಿಆರ್‌ಟಿ ಶೇಡರ್ ಸ್ಟೇಜಿಂಗ್‌ನಲ್ಲೇ ಇದೆ, ಅದನ್ನು ಬಳಸಿ. ಕತ್ತಲ ದೃಶ್ಯ ಕಾಣುವುದಿಲ್ಲ ಅಂತ ಬ್ರೈಟ್‌ನೆಸ್ ಏರಿಸಿ ಕೊಡಬೇಡಿ. ಏರಿಸುವ ಗುಂಡಿ ಎಲ್ಲಿದೆ ಅಂತ ಸೂಚನೆಯಲ್ಲಿ ಬರೆದರೆ ಸಾಕು.

ಸದ್ದಿಗೆ ಸೌಂಡ್ ಬ್ಲಾಸ್ಟರ್ 16 ಎಂಬ ಆ ಕಾಲದ ಸೌಂಡ್ ಕಾರ್ಡ್, ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1. ಡಾಸ್‌ಬಾಕ್ಸಿನಲ್ಲಿ ಮೊದಲಿಂದ ಇರುವುದೂ ಇದೇ. ಆಟದ ಸೆಟಪ್‌ನಲ್ಲಿ ಇದನ್ನೇ ಆರಿಸಿ. ಅಲ್ಲಿ ರೋಲ್ಯಾಂಡ್ ಎಂಟಿ-32 ಅಂತ ಕಂಡರೆ ಬಿಡಬೇಡಿ. 1987ರ ಆ ಸಂಗೀತದ ಪೆಟ್ಟಿಗೆಗೆಂದೇ ಎಷ್ಟೋ ಸಂಗೀತ ಬರೆದಿದ್ದಾರೆ, ಹೊಗಳಿದಷ್ಟೂ ಸಾಲದು. ಅದರ ನಕಲು ಸ್ಟೇಜಿಂಗ್‌ನಲ್ಲಿದೆ, ಆದರೆ ಓಡಲು ರೋಲ್ಯಾಂಡಿನ ರೋಮ್ (ROM) ಫೈಲು, ಅಂದರೆ ಆ ಪೆಟ್ಟಿಗೆಯ ಚಿಪ್ಪಿನಲ್ಲಿರುವುದರ ನಕಲು, ಬೇಕು. ಅದು ಅವರ ಸ್ವತ್ತು, ನಿಮ್ಮ ಪ್ಯಾಕೇಜಿನಲ್ಲಿ ಹಾಕುವ ಹಾಗಿಲ್ಲ. ಇದ್ದವರು ಹಾಕಿಕೊಳ್ಳಲಿ ಎಂದು ಜಾಗ ಮಾಡಿಡಿ.

ಪ್ಯಾಕ್ ಮಾಡುವಾಗ ಜನ ಮರೆಯುವುದು ಸೇವ್ ಫೈಲನ್ನು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೆ ಬರೆಯಲು ವಿಂಡೋಸ್ ಸಲೀಸಾಗಿ ಬಿಡುವುದಿಲ್ಲ. ಹಳೆ ಆಟಕ್ಕೆ ತನ್ನ ಫೋಲ್ಡರಿನಲ್ಲೇ ಬರೆಯುವ ಚಾಳಿ. ‘ಶ್ಯಾಡೋ ಆಫ್ ದ ಕಾಮೆಟ್’ನಲ್ಲಿ ಕಾಲಿಟ್ಟಲ್ಲಿ ಸಾವು. ಸೇವ್ ಆಗಿದೆ ಅಂತ ನಂಬಿ ಸತ್ತವನ ಗತಿ ಏನು? ಆಟದ ಫೋಲ್ಡರನ್ನು ಮೌಂಟ್ ಮಾಡಿ (ಡಾಸ್‌ಬಾಕ್ಸಿಗೆ ಡ್ರೈವ್ ಆಗಿ ತೋರಿಸಿ), ಅದರ ಮೇಲೆ ಓವರ್‌ಲೇ ಅಂತ ಇನ್ನೊಂದು ಫೋಲ್ಡರ್ ಹೊದಿಸಿ. ಮೂಲ ಫೈಲುಗಳು ಹಾಗೇ ಇರುತ್ತವೆ, ಹೊಸದಾಗಿ ಬರೆದದ್ದೆಲ್ಲ ಮೇಲಿನ ಫೋಲ್ಡರಿಗೆ ಹೋಗುತ್ತದೆ. ಡಾಸ್‌ಬಾಕ್ಸ್ ಜಿಪಿಎಲ್ ಲೈಸೆನ್ಸಿನದು. ಜೊತೆಗೆ ಹಂಚಿದರೆ ಲೈಸೆನ್ಸ್ ಪ್ರತಿಯನ್ನು ಇಡಬೇಕು, ಅದರ ಸೋರ್ಸ್ ಕೋಡನ್ನೂ ಸಿಗುವ ಹಾಗೆ ಮಾಡಬೇಕು. ಡಬ್ಬಿಯ ಕೈಪಿಡಿಯನ್ನು ಪೂರ್ತಿ ಸ್ಕ್ಯಾನ್ ಮಾಡಿ ಸೇರಿಸಿ. ಇಂತಿಷ್ಟನೇ ಪುಟದ ಪದ ಯಾವುದು ಅಂತ ಕೇಳಿ ಬಾಗಿಲು ಹಾಕುವ ಆಟಗಳು ಆಗ ಬಹಳ.

ಕನ್ನಡದಲ್ಲಿ ಮಾಡಬಹುದಾ ಅಂತ ಕೇಳುತ್ತೀರಿ. ಆಸೆ ನನಗೂ ಇತ್ತು. ಆದರೆ ಆಟದ ಅಕ್ಷರಗಳು ಸುಮಾರು ಎಂಟು ಚುಕ್ಕಿ ಎತ್ತರ. ಅಷ್ಟರಲ್ಲಿ ‘ಸ್ತ್ರೀ’ ಬರೆಯಿರಿ ನೋಡೋಣ! ಒತ್ತಕ್ಷರಕ್ಕೆ ಕೆಳಗೆ ಜಾಗವೇ ಇಲ್ಲ. ಇರುವ ಅಕ್ಷರದ ಮನೆಗಳೂ ಹೆಚ್ಚೆಂದರೆ 256. ನಾನು ಕೊನೆಗೆ ಮಾತುಕತೆಯನ್ನೆಲ್ಲ ದೃಶ್ಯವಾರು ಕನ್ನಡಕ್ಕೆ ಮಾಡಿ, ಅಂಗಡಿಯಲ್ಲೇ ಟೈಪ್ ಮಾಡಿ, ಪಿನ್ ಹೊಡೆದು ಒಂದು ಪುಸ್ತಿಕೆ ಮಾಡಿದೆ. ಮನೆಯವರಿಗಷ್ಟೇ, ಒಂದೇ ಪ್ರತಿ.

ಕೊನೆಯ ಪರೀಕ್ಷೆಗೆ ಡಾಸ್ ಅಂದರೇನು ಅಂತ ಗೊತ್ತಿಲ್ಲದವರನ್ನು ಕೂರಿಸಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಸೂಚನೆ ಸರಿಯಿಲ್ಲ. ನಾನು ಅಣ್ಣನ ಮಗನನ್ನು ಕೂರಿಸಿದ್ದೆ. ರಾತ್ರಿ ಎಂಟೂವರೆ, ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ. ಪುಸ್ತಿಕೆಗೆ ಫೋನಿನ ಬೆಳಕು ಹಿಡಿದಿದ್ದ. ಒಂದು ಬಾಗಿಲ ಮುಂದೆ ನಿಂತು ಬಹಳ ಹೊತ್ತು ಸುಮ್ಮನಾದ.

“ಅತ್ತಿ, ಇದರ ಹಿಂದ ಏನೈತಿ?”

“ತಗದು ನೋಡಲೇ ತಮ್ಮಾ.”

“ನಾಳಿ ಮುಂಜಾನೆ ನೋಡ್ತೀನಿ ತಗೊ,” ಅಂದು ಸೇವ್ ಮಾಡಿ ಮುಚ್ಚಿದ.

ಅವನು ಹೋದ ಮೇಲೆ ನೋಡಿದೆ. ಫೈಲು ಓವರ್‌ಲೇ ಫೋಲ್ಡರಿನಲ್ಲೇ ಕೂತಿತ್ತು.