ಮಣ್ಣು ನೋಡಿ ದಾರಿ ಆರಿಸಿದೆ: ಬೀದರ್, ಯಾದಗಿರಿ ಕಡೆಯ ನನ್ನ ಓಟದ ಅನುಭವ

‘ನಮ್ಮ ಕಡೆ ಓಡೋಕೆ ದಾರಿನೇ ಇಲ್ಲ, ಚೆಂದದ ರೂಟ್ ಬೇಕಂದ್ರೆ ಹೈದರಾಬಾದಿಗೆ ಹೋಗು.’ ಕಲಬುರಗಿಯ ನಮ್ಮ ಓಟದ ಬಳಗದಲ್ಲಿ ಈ ಮಾತು ಖಾಯಂ ಆಗಿತ್ತು. ನಾನು ಕೆಲಸದ ಮೇಲೆ ಅರ್ಧ ತಿಂಗಳು ಬೀದರ್, ಯಾದಗಿರಿ ಜಿಲ್ಲೆಗಳಲ್ಲೇ ಇರುತ್ತೇನೆ. ಈಗ ನಾನು ಉಳಿಯುವ ಪ್ರತಿ ಊರಲ್ಲೂ ಎಂಟು ಹತ್ತು ಕಿಲೋಮೀಟರಿನ ರೂಟ್ ಕೈಯಲ್ಲಿದೆ. ಲಾರಿ ಕಾಟ ಇಲ್ಲ, ನೋಡೋಕೂ ಚೆಂದ. ಅಂದು ತಲೆ ಅಲ್ಲಾಡಿಸಿದವರೇ ಈಗ ಬೀದರಿಗೆ ಹೊರಡುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ಎಲ್ಲರಂತೆ ಓಟದ ಆ್ಯಪ್ ನೋಡಿಯೇ ಹೋಗುತ್ತಿದ್ದೆ. ನಮ್ಮ ಕಡೆ ಅದರಲ್ಲಿ ಕಾಣುವುದು ಎರಡೇ, ಸ್ಟೇಡಿಯಂ ಮತ್ತು ಹೈವೇ. ಹೈವೇ ಅಂದರೆ ಬೀದರ್ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು, ಹಿಂದೆ ಒಂದು ಲೈಟೂ ಇಲ್ಲ. ಅದು ಬೇಡ ಅಂತ ಸ್ಯಾಟಲೈಟ್ ಮ್ಯಾಪ್ ಹಿಡಿದೆ. ಮ್ಯಾಪಿನಲ್ಲಿ ಬಂಡಿ ದಾರಿಗಳು ಬಿಳಿ ಗೆರೆ ಎಳೆದ ಹಾಗೆ ಚೆಂದ ಕಾಣುತ್ತವೆ. ಆದರೆ ಶಹಾಪುರದ ಹತ್ತಿರ ಅಂಥದ್ದೊಂದು ದಾರಿ ಎರಡು ಕಿಲೋಮೀಟರ್ ಆದ ಮೇಲೆ ಸೀದಾ ತೊಗರಿ ಹೊಲದಲ್ಲಿ ಮುಗಿಯಿತು. ತೊಗರಿ ಕೊಯ್ದ ಹೊಲ ಹೇಗಿರುತ್ತದೆ ಅಂತ ಗೊತ್ತಲ್ಲ. ಓರೆಯಾಗಿ ಕತ್ತರಿಸಿದ ಕೂಳೆ, ಗೂಟದಷ್ಟು ಗಟ್ಟಿ. ಆರೇಳು ಸಾವಿರದ ಶೂ, ಒಂದು ಕೂಳೆ ಅಡಿಯಿಂದ ಹೊಕ್ಕು ಇನ್‌ಸೋಲ್ ತನಕ ಬಂತು. ಅದಾದ ಮೇಲೆ ಮಳೆಗಾಲದಲ್ಲಿ ಜೇವರ್ಗಿ ಕಡೆಯ ಎರೆ ಮಣ್ಣು. ನೂರು ಹೆಜ್ಜೆಗೆ ಒಂದೊಂದು ಶೂ ಅರ್ಧ ಕಿಲೋ ಭಾರ. ಕೆರೆದು ತೆಗೆದರೆ ಮತ್ತೆ ಐವತ್ತು ಹೆಜ್ಜೆಗೆ ಅಷ್ಟೇ. ಟ್ರೇಲ್ ಶೂ ಅಂತ ಇನ್ನೊಂದು ಎಂಟು ಸಾವಿರ ಸುರಿದೆ. ಅದರ ಹಲ್ಲಿನ ಸಂದಿಗೆ ಎರೆ ಮಣ್ಣು ಇನ್ನೂ ಜಾಸ್ತಿ ಕೂರುತ್ತದೆ.

ಅಲ್ಲಿಂದ ಮ್ಯಾಪ್ ಬಿಟ್ಟು ಮಣ್ಣು ನೋಡೋಕೆ ಶುರು ಮಾಡಿದೆ.

ಊರು ಮುಟ್ಟಿದ ಸಂಜೆಯೇ ಒಂದು ಆಟೋ ಹಿಡಿಯುತ್ತೇನೆ, ನೂರೈವತ್ತು ಇನ್ನೂರು ರೂಪಾಯಿಗೆ. ಬೀದರಿನಲ್ಲಿ ಒಬ್ಬ ಆಟೋದವರು ‘ಓಡ್ಲಾಕ ಆಟೋ ಯಾಕ್ ಬೇಕ್ರಿ ಸರ?’ ಅಂತ ಕೇಳಿದ್ದರು. ಬೇಕೇ ಬೇಕು. ಅವರನ್ನು ‘ಚೆಂದದ ರಸ್ತೆ ಯಾವುದು’ ಅಂತ ಕೇಳಬೇಡಿ, ಹೊಸ ಬೈಪಾಸ್ ತೋರಿಸುತ್ತಾರೆ. ‘ಬೆಳಿಗ್ಗೆ ಹಾಲಿನವರು ಯಾವ ದಾರಿಲಿ ಬರ್ತಾರೆ’ ಅಂತ ಕೇಳಿ. ಆ ದಾರಿಯಲ್ಲಿ ನಸುಕಿನಲ್ಲೂ ಜನ ಇರುತ್ತಾರೆ. ನಾಯಿಗಳಿಗೂ ಆ ಹೊತ್ತಿನ ಓಡಾಟ ರೂಢಿ. ಎರಡು ಮೂರು ಕಡೆ ಇಳಿದು, ಬಾಟಲಿಯಿಂದ ಒಂದು ಮುಚ್ಚಳ ನೀರು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಉಜ್ಜುತ್ತೇನೆ. ಮಣ್ಣು ಉಂಡೆಯಾಗಿ ಶೂಗೆ ಅಂಟಿತೋ, ಆ ದಾರಿ ಮಳೆಗಾಲಕ್ಕೆ ಬೇಡ. ಕಾಳು ಕಾಳಾಗಿ ಬಿಡಿಸಿಕೊಂಡಿತೋ, ನಾಳೆ ಅಲ್ಲೇ ಓಟ. ಇನ್ನೂ ಒಂದು ಪರೀಕ್ಷೆ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ಲೆಕ್ಕದಲ್ಲಿ ಮಳೆಗಾಲಕ್ಕೆ ಬೀದರನ್ನು ಮೀರಿಸುವ ಊರಿಲ್ಲ. ಕಲಬುರಗಿಗಿಂತ ಸುಮಾರು ಇನ್ನೂರು ಮೀಟರ್ ಎತ್ತರ, ಗಾಳಿ ತಂಪು. ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆಯ ಕಂದಕವನ್ನು ಮೂರು ಸಾಲಾಗಿ ಕೊರೆದದ್ದೂ ಅದೇ ಕಲ್ಲಿನಲ್ಲಿ. ಕಲ್ಲು ತೂತು ತೂತು, ನೀರು ಒಳಗೆ ಇಳಿದುಹೋಗುತ್ತದೆ. ನೌಬಾದಿನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗಕ್ಕೆ ನೀರು ಸಿಗುವುದೂ, ನರಸಿಂಹ ಝರಣಿ, ನಾನಕ್ ಝೀರಾದ ಬುಗ್ಗೆಗಳು ಹರಿಯುವುದೂ ಹೀಗೇ. ನಮಗೆ ಲಾಭ ಏನಂದ್ರೆ, ರಾತ್ರಿ ಜೋರು ಮಳೆ ಬಿದ್ದರೂ ಬೆಳಿಗ್ಗೆ ನೆಲ ಕಾಲಿಗೆ ಗಟ್ಟಿ.

ನನ್ನ ರೂಟ್ ಹೀಗಿದೆ. ಹಳೆ ಊರ ನಡುವಿನ ಚೌಬಾರಾ ಗೋಪುರದಿಂದ ಶುರು. 1472ರ ಮಹಮೂದ್ ಗವಾನ್ ಮದರಸಾ ಮುಂದೆ ಹಾದು ಕೋಟೆ ಬಾಗಿಲ ತನಕ, ಅದು ಬರೀ ಮೈ ಬಿಸಿ ಮಾಡೋಕೆ. ವಾಪಸ್ ಬಂದು ದುಲ್ಹನ್ ದರ್ವಾಜಾ ಕಡೆಯಿಂದ ಊರು ದಾಟಿ ಅಷ್ಟೂರಿನ ದಾರಿ ಹಿಡಿಯುತ್ತೇನೆ. ದಾರಿಯಲ್ಲೇ ಹಜರತ್ ಖಲೀಲುಲ್ಲಾ ಅವರ ಎಂಟು ಮೂಲೆಯ ಗೋರಿ, ಚೌಖಂಡಿ. ಅಲ್ಲಿಂದ ಮುಂದೆ ಇಳಿಜಾರು, ಎದುರಿಗೆ ಸೂರ್ಯ, ಅದರ ಮುಂದೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ಕಪ್ಪಗೆ ಕಾಣುತ್ತವೆ. ಹುಮಾಯೂನ್ ಷಾನ ಗೋರಿಯ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಬಿದ್ದಿದೆ. ಆ ಸೀಳಿನಲ್ಲಿ ಗೋಡೆಯ ದಪ್ಪ ಕಾಣುತ್ತದೆ, ಅದನ್ನು ನೋಡೋಕೆ ನಾನು ಪ್ರತಿಸಲ ವಾಚ್ ನಿಲ್ಲಿಸುತ್ತೇನೆ. ಅಹ್ಮದ್ ಷಾ ವಲಿಯ ಗೋರಿಗೆ ಹೋಳಿ ಆದ ಮೇಲಿನ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ನಡೆದುಕೊಂಡೇ ಬರುವ ಪದ್ಧತಿ ಇದೆ. ಅಷ್ಟು ದೂರದ ಕಾಲ್ನಡಿಗೆ ಮುಂದೆ ನಮ್ಮ ಲಾಂಗ್ ರನ್ ಯಾವ ಲೆಕ್ಕ! ವಾಪಸ್ ಏರು. ಓಟದ ವೇಗ ಬಿದ್ದೇ ಬೀಳುತ್ತದೆ, ಕಿಲೋಮೀಟರಿಗೆ ನಲವತ್ತು ಐವತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ ಬಿಡಿ. ಒಟ್ಟು ಒಂಬತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ.

ಯಾದಗಿರಿ ಜಿಲ್ಲೆಯದು ಬೇರೆ ಕಥೆ, ಸುತ್ತಲೂ ಎರೆ ಭೂಮಿ. ಅಲ್ಲಿ ನನಗೆ ದಾರಿ ಕೊಟ್ಟದ್ದು ಕಾಲುವೆ. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆ ಹರಿಯುತ್ತದೆ. ದಂಡೆ ಮೇಲೆ ಮೊರಂ, ಅಂದರೆ ಗರಸು ಮಣ್ಣು ಹಾಕಿದ ಭಾಗ ಸಿಕ್ಕರೆ ಸಾಕು. ಹೊಲಕ್ಕಿಂತ ಎತ್ತರ, ಸಪಾಟು, ಪಕ್ಕದಲ್ಲೇ ನೀರು. ಒಂದೇ ಸಮ ಜೋರಾಗಿ ಓಡುವ ಟೆಂಪೋ ರನ್‌ಗೆ ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಬೆಳಕು ಹರಿಯುವ ಮುಂಚೆ ಮಾತ್ರ ಹೋಗಬೇಡಿ, ಹಾವು ಇರುತ್ತವೆ. ಸಿಮೆಂಟ್ ಇಳಿಜಾರಿನ ಅಂಚಿಗೂ ಹೋಗಬೇಡಿ, ಪಾಚಿಗೆ ಕಾಲು ಜಾರಿದರೆ ಹಿಡಿಯೋಕೆ ಏನೂ ಸಿಗಲ್ಲ.

ನಡುವೆ ತಿನ್ನುವುದರಲ್ಲೂ ಒಂದು ಪ್ರಯೋಗ ಆಯಿತು. ಓಟಗಾರರು ಶಕ್ತಿಗೆ ಅಂತ ತಿನ್ನುವ ಜೆಲ್ ಒಂದಕ್ಕೆ ನೂರು ರೂಪಾಯಿ ಮೇಲೆ, ನಮ್ಮ ಬಿಸಿಲಿಗೆ ಹೊಟ್ಟೆ ತೊಳೆಸುತ್ತದೆ. ಅದರ ಬದಲು ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದೆ. ಓಟಕ್ಕೆ ಮುಕ್ಕಾಲು ಗಂಟೆ ಮುಂಚೆ ಅರ್ಧ, ಮುಗಿದ ಮೇಲೆ ಉಳಿದರ್ಧ. ಹನ್ನೆರಡು ಕಿಲೋಮೀಟರ್ ತನಕ ಬೇರೇನೂ ಬೇಕಿಲ್ಲ. ಬೆಲ್ಲ, ಉಪ್ಪು, ನಿಂಬೆಹುಳಿಯ ನೀರೂ ಒಳ್ಳೆಯದೇ, ಆದರೆ ನನ್ನ ಅಳತೆ ಕೇಳಬೇಡಿ. ಸೇಂಗಾ ಚಿಕ್ಕಿ ತಿಂದು ಓಡಿ ನೋಡಿದೆ, ಗಂಟಲು ಒಣಗಿತು, ಅಲ್ಲಿಗೇ ಬಿಟ್ಟೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಮಾಮೂಲು. ಆಗ ಐದೂವರೆಗೆ ಮೊದಲೇ ಹೊರಟು ಆರೂವರೆಗೆ ಮುಗಿಸುತ್ತೇನೆ, ಅದೂ ಅಪ್ಪನ ಕೆರೆ ಸುತ್ತ ಮಾತ್ರ.

ಖರ್ಚಿನ ಲೆಕ್ಕ ಹಾಕಿದರೆ ಮೂರು ಜೊತೆ ಶೂ, ವಾಚ್ ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು ಹೋಗಿದೆ. ನಿಜಕ್ಕೂ ಕೆಲಸಕ್ಕೆ ಬಂದದ್ದು ಸಂಜೆಯ ಆಟೋ ಬಾಡಿಗೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಹೋಗಿಬರುವ ಖರ್ಚೂ ಇಳಿಯಿತು, ಈಗ ರಜೆಯಲ್ಲೂ ಸುಮ್ನೆ ಓಡೋಕೆ ಅಂತಲೇ ಹೋಗುತ್ತೇನೆ.

ಬಸವಕಲ್ಯಾಣದಲ್ಲಿ ಒಂದು ರೂಟ್ ಸಿಕ್ಕಿದೆ, ಅಷ್ಟೂರಿಗಿಂತ ಚೆಂದ. ಅದನ್ನು ಇಲ್ಲಿ ಬರೆಯಲ್ಲ. ಮಳೆ ನಿಂತ ಮೇಲೆ ಮತ್ತೆ ಹೋಗುವವನಿದ್ದೇನೆ, ಜೊತೆಗೆ ಬಂದವರಿಗೆ ತೋರಿಸುತ್ತೇನೆ.