ಅಜ್ಜಿಯ ಇಳಕಲ್ ಸೀರೆಗೆ ಖಣದ ಕುಬಸ: ನನ್ನ ಅನುಭವ

ತಂಗಿಯ ಮದುವೆಗೆ ಅಜ್ಜಿಯ ಇಳಕಲ್ ಸೀರೆಯನ್ನೇ ಉಡಬೇಕು ಅಂತ ಮೊದಲೇ ಮನಸ್ಸು ಮಾಡಿದ್ದೆ. ಹಸಿರು ಮೈ, ತೆನೆಯಂಥ ಬಿಳಿ ವಿನ್ಯಾಸದ ಕೆಂಪು ಸೆರಗು, ಅದೇ ಟೋಪ ತೆನಿ ಸೆರಗು. ಸೆರಗಿನ ಬಿಳಿ ತೆನೆಗಳು ಇನ್ನೂ ಹೊಸದರಂತೆ ಹೊಳೆಯುತ್ತಿದ್ದವು.

ಟ್ರಂಕಿನಿಂದ ತೆಗೆದವಳೇ ನೋಡಿದ್ದು ಸೆರಗು ಮೈಗೆ ಸೇರುವ ಜಾಗ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಮೈಯ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಅದಕ್ಕೇ ಕೊಂಡಿ ಅನ್ನುತ್ತಾರೆ. ಹಳೆ ಸೀರೆ ಅಂದ ಮೇಲೆ ಇಲ್ಲೇ ಬಿಡುವ ಭಯ ಜಾಸ್ತಿ. ಬೆಳಕಿಗೆ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಗಟ್ಟಿಯಾಗಿತ್ತು. ಮಡಿಕೆಗಳಲ್ಲಿ ಮಾತ್ರ ನೂಲು ಸವೆದಿತ್ತು. ಹಿಂದಿನಿಂದ ತೆಳ್ಳನೆ ಹತ್ತಿ ಬಟ್ಟೆ ಇಟ್ಟು ಕೈಯಲ್ಲೇ ಹೊಲಿದೆ.

ಕುಬಸಕ್ಕೆ, ಅಂದರೆ ಬ್ಲೌಸಿಗೆ, ಗುಳೇದಗುಡ್ಡದಲ್ಲಿ ನೇಯುವ ಖಣದ ಬಟ್ಟೆಯೇ ಆಗಬೇಕಿತ್ತು. ಸೀರೆ ಜೊತೆಗೇ ಒಯ್ದೆ. ಅಂಗಡಿಯ ದೀಪದಲ್ಲಿ ಒಂದು ಕೆಂಪು ಚೆನ್ನಾಗಿ ಕೂತಿತು. ಹೊರಗೆ ಬಿಸಿಲಿಗೆ ಬಂದರೆ ಅದೇ ಕೆಂಪು ಸೆರಗಿನ ಪಕ್ಕ ಮಂಕಾಯಿತು. ಹಗಲಿನ ಮುಹೂರ್ತ ಅಲ್ವಾ, ಬಿಸಿಲಿಗೆ ಒಪ್ಪಿದ್ದನ್ನೇ ತಂದೆ.

ಖಣದ ಅಗಲ ಕಡಿಮೆ. ಎರಡೂ ಕಡೆ ಅಂಚಿರುತ್ತದೆ. ಅಂಚು ತೋಳಿನ ತುದಿಗೆ ಬರಬೇಕು ಅಂದರೆ ಕತ್ತರಿ ಹಾಕುವ ಮೊದಲೇ ಲೆಕ್ಕ ಹಾಕಬೇಕು. ಸಾಮಾನ್ಯ ಬ್ಲೌಸ್ ಪೀಸಿನ ಲೆಕ್ಕದಲ್ಲಿ ತಂದರೆ ತೋಳು ಗಿಡ್ಡ ಆಗುತ್ತದೆ. ನಾನು ಒಂದೂವರೆ ಮೀಟರ್ ತಂದಿದ್ದೆ. ಲೈನಿಂಗ್ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ ಒಣಗಿಸಿ ಕೊಟ್ಟೆ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಮುದುಡಿ, ಮೇಲಿನ ಖಣ ಸುಕ್ಕಾಗುತ್ತದೆ.

ಹಳೆ ಬ್ಲೌಸನ್ನು ಅಳತೆಗೆ ಕೊಟ್ಟಿದ್ದೇ ನನ್ನ ತಪ್ಪು. ಅದು ಎಳೆದರೆ ಹಿಗ್ಗುವ ಬಟ್ಟೆಯದು. ಖಣ ಒಂದು ಚೂರೂ ಹಿಗ್ಗುವುದಿಲ್ಲ. ಮದುವೆಗೆ ಹದಿನೈದು ದಿನ ಇರುವಾಗ ಟ್ರಯಲ್ ನೋಡಿದೆ. ಕನ್ನಡಿ ಮುಂದೆ ನಿಂತರೆ ಎಲ್ಲ ಸರಿ. ಅಕ್ಷತೆ ಹಾಕುವ ಹಾಗೆ ಕೈ ಎತ್ತಿದೆ. ಕಂಕುಳಲ್ಲಿ ಹಿಡಿದು ಕುಬಸ ಪೂರ್ತಿ ಮೇಲೆ ಬಂತು, ಬೆನ್ನಿನ ಹುಕ್ಕುಗಳ ನಡುವೆ ಬಟ್ಟೆ ಬಾಯಿಬಿಟ್ಟಿತು.

ಟೈಲರಮ್ಮ ಪಕ್ಕದ ಹೊಲಿಗೆ ಬಿಚ್ಚಿ ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟರು. ಅದಷ್ಟೇ ಸಾಲಲಿಲ್ಲ. ಉಳಿದ ಖಣದಲ್ಲಿ ಪುಟ್ಟ ಚೌಕ ಕತ್ತರಿಸಿ ಕಂಕುಳಿಗೆ ಕೂಡಿಸಿದರು. ಮತ್ತೆ ಹಾಕಿ ಕೈ ಎತ್ತಿದೆ, ಬಗ್ಗಿದೆ, ನೆಲಕ್ಕೆ ಕೂತೆ, ಎದ್ದೆ. ಮದುವೆ ದಿನ ಒಳಗೆ ಹಾಕುವ ಬಟ್ಟೆ, ಕಟ್ಟುವ ಲಂಗ ಎರಡನ್ನೂ ಹಾಕಿಕೊಂಡೇ ನೋಡಿದೆ. ಸುಮ್ನೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಧಾರೆಯ ಹೊತ್ತಿಗೆ ತಂಗಿಯ ಹಿಂದೆ ನಿಂತು ಎರಡೂ ಕೈ ಎತ್ತಿ ಅಕ್ಷತೆ ಹಾಕಿದೆ. ಕುಬಸದ ನೆನಪೇ ಬರಲಿಲ್ಲ. ಒಳಗಡೆ ಇನ್ನೂ ಅರ್ಧ ಇಂಚು ಬಟ್ಟೆ ಉಳಿದಿದೆ. ಅದನ್ನು ಕತ್ತರಿಸದೆ ಹಾಗೇ ಇಟ್ಟಿದ್ದೇನೆ.